ತೊರೆಯ ಆಹಾರಜಾಲ ಸ್ಥಿರವಲ್ಲ

ಮಾನ್ಯ ಸಂಪಾದಕರೇ,

ತೊರೆಯಲ್ಲಿ ಯಾವ ಜೀವಿ ಯಾವುದನ್ನು ತಿನ್ನುತ್ತದೆ ಎಂಬುದನ್ನು ಪಠ್ಯಪುಸ್ತಕಗಳು ಬದಲಾಗದ ಬಾಣದ ಗುರುತುಗಳಲ್ಲಿ ತೋರಿಸುವುದು ಸರಿಯಲ್ಲ. ಮಡಚಿಟ್ಟ ಕೆಳದುಟಿಯನ್ನು ಥಟ್ಟನೆ ಚಾಚಿ ಬೇಟೆ ಹಿಡಿಯುವ ಏರೋಪ್ಲೇನ್ ಚಿಟ್ಟೆಯ ಮರಿಯು ಎಳವೆಯಲ್ಲಿ ಸಣ್ಣ ಹುಳುಗಳನ್ನು, ಬೆಳೆದಂತೆ ಮೀನುಮರಿಗಳನ್ನೂ ತಿನ್ನುತ್ತದೆ; ಅದರಿಂದ ಪಾರಾದ ಮೀನು ದೊಡ್ಡದಾದ ಮೇಲೆ ಅದೇ ಕೀಟದ ಮರಿಗಳನ್ನು ನುಂಗುತ್ತದೆ.

ದಡದ ಮರಗಳ ಪಾತ್ರವಂತೂ ಬಹಳ ದೊಡ್ಡದು. ಜಪಾನಿನ ಹೊಕ್ಕೈಡೊದಲ್ಲಿ ಪರಿಸರ ವಿಜ್ಞಾನಿ ಷಿಗೆರು ನಕಾನೊ ಮತ್ತು ಸಂಗಡಿಗರು ತೊರೆಗೆ ಬಲೆಯ ಹೊದಿಕೆ ಹಾಕಿ, ದಡದ ಮರಗಳಿಂದ ಬೀಳುವ ಕೀಟಗಳನ್ನು ತಡೆದಾಗ ಮೀನುಗಳು ತಳದ ಸಣ್ಣ ಜೀವಿಗಳತ್ತ ತಿರುಗಿದವು. ಪಾಚಿ ಮೇಯುವ ಆ ಜೀವಿಗಳು ಕಡಿಮೆಯಾಗಿ ಪಾಚಿ ಹೆಚ್ಚಿತೆಂದು ಅವರು 1999ರಲ್ಲಿ ವರದಿ ಮಾಡಿದರು. ಹೀಗಿರುವಾಗ ದಡದ ಮರ ಕಡಿಯುವ ಮುನ್ನ ನೀರಿನ ಗುಣಮಟ್ಟವನ್ನಷ್ಟೇ ಅಳೆದು ಸುಮ್ಮನಾಗದೆ, ಮೀನುಗಳು ಏನನ್ನು ತಿನ್ನುತ್ತಿವೆ ಎಂಬುದನ್ನೂ ಬೇರೆ ಬೇರೆ ಋತುಗಳಲ್ಲಿ ಪರಿಶೀಲಿಸಬೇಕು.

ಇತಿ,
ಓರ್ವ ಓದುಗ