ಅಕ್ಕನಿಗೆ, ಡೆಟ್ರಾಯ್ಟ್‌ನಿಂದ

ಅಕ್ಕಾ,

ನಾನಿಲ್ಲಿ ಕ್ಷೇಮ, ನಿನ್ ಕಾಗದ ಸಿಕ್ತು. ಭಾವಂಗೆ, ಪುಟ್ಟಿಗೆ ಕೇಳ್ದೆ ಅಂತ ಹೇಳು.

ನಾನು ಹಳೇ ರೆಕಾರ್ಡ್‌ಗಳಿಗೆ ದುಡ್ಡು ಸುರೀತಿದೀನಿ ಅಂತ ಶ್ರೀಧರ ಹಾಸನಕ್ಕೆ ಬಂದಾಗ ಹೇಳಿದ್ನಂತಲ್ಲ, ಹಾಗೇನೂ ಇಲ್ಲ. ಪಕ್ಕದ್ಮನೆ ಅಜ್ಜ ಕಾರ್ ಫ್ಯಾಕ್ಟರೀಲಿ ದುಡಿದು ರಿಟೈರ್ ಆದೋರು, ಅವ್ರು ತಮ್ಮ ಹಳೇ ಪ್ಲೇಯರ್ ಕೊಟ್ರು, ಸೆಕೆಂಡ್‌ಹ್ಯಾಂಡ್ ಅಂಗಡೀಲಿ ಒಂದು ಹೊತ್ತಿನ ಊಟದ ದುಡ್ಡಿಗೆ ಒಂದು ಎಲ್‌ಪಿ ಸಿಗತ್ತೆ. ಸಿಗರೇಟಿಲ್ಲ, ಕುಡಿಯೋದಿಲ್ಲ, ಕೆಲಸದಿಂದ ಬಂದ್ಮೇಲೆ ಇದೊಂದು ಇದೆ.

ಇದು ಈ ಊರಿನ ಸಂಗೀತ ಅಕ್ಕ, ಸೋಲ್ ಅಂತಾರೆ, ಫಂಕ್ ಅಂತಾರೆ. ಬೆರ್ರಿ ಗಾರ್ಡಿ ಅನ್ನೋರು ಮೊದ್ಲು ಇಲ್ಲೇ ಕಾರ್ ಜೋಡಿಸೋ ಕೆಲಸದಲ್ಲಿದ್ರು, 1959ರಲ್ಲಿ ಅಣ್ಣತಮ್ಮ ಅಕ್ಕತಂಗೀರೆಲ್ಲ ಸೇರಿ ಕೂಡಿಟ್ಟಿದ್ದ ಫಂಡಿಂದ 800 ಡಾಲರ್ ಸಾಲ ತಗೊಂಡ್ರು, ನಮ್ಮಲ್ಲಿ ಚೀಟಿ ಎತ್ತಿದ ಹಾಗೆ, ಅದ್ರಲ್ಲೇ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿ ಶುರುವಾಯ್ತು. ಸ್ಟುಡಿಯೋ ಇದ್ದ ಮನೆ ಈಗ ಮ್ಯೂಸಿಯಂ. ನೋಡೋಕೆ ಸಾಮಾನ್ಯ ಮನೆ ಥರಾನೇ ಇದೆ. ಅಲ್ಲೊಂದು ಚಾಕಲೇಟ್ ಮೆಷಿನ್ ಇದೆ, ಹಾಡುಗಾರ ಸ್ಟೀವಿ ವಂಡರ್‌ಗೆ ಕಣ್ಣು ಕಾಣಲ್ಲ ನೋಡು, 11 ವರ್ಷಕ್ಕೇ ಅಲ್ಲಿಗೆ ಸೇರಿದ ಹುಡುಗ, ಅವನಿಗಿಷ್ಟದ ಚಾಕಲೇಟು ಯಾವಾಗ್ಲೂ ಬಲಗಡೆಯಿಂದ ನಾಲ್ಕನೇ ಜಾಗದಲ್ಲೇ ಇಡ್ತಿದ್ರಂತೆ, ಕೈಗೆ ಸಿಗ್ಲಿ ಅಂತ. ಪುಟ್ಟಿಗೆ ಇದನ್ನ ಹೇಳು.

ನಾನು ಹೆಚ್ಚು ಕೇಳೋದು ಮೋಟೌನ್ ಹಾಡುಗಾರ ಮಾರ್ವಿನ್ ಗೇ ಅವರ 1971ರ 'ವಾಟ್ಸ್ ಗೋಯಿಂಗ್ ಆನ್'. ಅವರ ತಮ್ಮ ವಿಯೆಟ್ನಾಂ ಯುದ್ಧಕ್ಕೆ ಹೋಗಿದ್ದ, ಅಲ್ಲಿಂದ ಅವನು ಬರೆದ ಕಾಗದ, ವಾಪಸ್ ಬಂದು ಹೇಳಿದ ಕಥೆ ಎಲ್ಲ ಈ ಹಾಡುಗಳ ಹಿಂದಿದೆ. ಗಾರ್ಡಿಗೆ ಮೊದಲ್ನೇ ಹಾಡು ಹಿಡಿಸ್ಲಿಲ್ಲ, ಅದನ್ನ ಬಿಡುಗಡೆ ಮಾಡೋವರೆಗೂ ಬೇರೇನೂ ಹಾಡಲ್ಲ ಅಂತ ಮಾರ್ವಿನ್ ಕೂತ್ರಂತೆ. ಹಾಡಿಂದ ಹಾಡಿಗೆ ನಡುವೆ ನಿಲ್ಲೋದೇ ಇಲ್ಲ. ಜೇಮ್ಸ್ ಜಾಮರ್ಸನ್ ನುಡಿಸಿದ ಬೇಸ್ ಗಿಟಾರ್ ಕೇಳ್ಬೇಕು ನೀನು! ಅಷ್ಟು ವರ್ಷ ಆ ಸ್ಟುಡಿಯೋದಲ್ಲಿ ನುಡಿಸಿದೋರ ಹೆಸರು ಕವರ್ ಮೇಲೆ ಬಂದಿದ್ದು ಈ ರೆಕಾರ್ಡಿಂದ್ಲೇ. ಪಕ್ಕದ್ಮನೆ ಅಜ್ಜ ಆ ಹೆಸರುಗಳ ಮೇಲೆ ಬೆರಳಿಟ್ಟು ಒಂದೊಂದೇ ಓದಿದ್ರು.

ಮುಂದಿಂದು ಅಮ್ಮಂಗೆ ಓದಿ ಹೇಳ್ಬೇಡ. ಅದೇ ವರ್ಷದ್ದು ಫಂಕಡೆಲಿಕ್ ಅನ್ನೋ ಬ್ಯಾಂಡಿನ 'ಮ್ಯಾಗಟ್ ಬ್ರೇನ್', ಮೊದಲ್ನೇ ಹಾಡೇ ಹತ್ತು ನಿಮಿಷ, ಹೆಚ್ಚುಕಮ್ಮಿ ಬರೀ ಗಿಟಾರು. ನುಡಿಸಿದ್ದು ಎಡ್ಡಿ ಹೇಝಲ್. ನಿಮ್ಮಮ್ಮ ಹೋದ್ರು ಅಂತ ಈಗ ತಾನೇ ಸುದ್ದಿ ಬಂತು ಅಂದ್ಕೊಂಡು ನುಡಿಸು ಅಂತ ಬ್ಯಾಂಡಿನ ಮುಖ್ಯಸ್ಥ ಜಾರ್ಜ್ ಕ್ಲಿಂಟನ್ ಹೇಳಿದ್ರಂತೆ. ನಿನ್ ಕಾಗದ ಓದಿದ್ಮೇಲೆ ನನ್ನ ಕೈಲಿ ಅದನ್ನ ಹಾಕೋಕೆ ಆಗ್ತಿಲ್ಲ.

ಅಮ್ಮ ಮೆಟ್ಲು ಹತ್ತೋವಾಗ ಎದೆ ಹಿಡ್ಕೊಂಡು ಕೂತ್ಕೋತಾಳೆ ಅಂತ ಬರ್ದಿದೀಯ, ಡಾಕ್ಟ್ರು ಆಂಜಿಯೋಗ್ರಾಮ್ ಮಾಡಿಸಿ ಅಂದ್ರೂ ಗೌರಿ ಹಬ್ಬ ಕಳೀಲಿ ಅಂತಿದಾಳೆ ಅಂತ. ಹಬ್ಬ ಮುಂದಿನ ವರ್ಷಾನೂ ಬರತ್ತೆ ಅಕ್ಕ. ಫೋನಲ್ಲಿ ನನ್ ಹತ್ರ ಬರೀ ಗ್ಯಾಸು ಅಂತಾಳೆ, ಅಪ್ಪಾನೂ ಹೂಂ ಅಂತಾರೆ. ನೀನು ಒಪ್ಬೇಡ. ಆಂಜಿಯೋಗ್ರಾಮ್ ಆಪರೇಷನ್ ಅಲ್ಲ, ಎಷ್ಟೋ ಜನಕ್ಕೆ ಮಣಿಕಟ್ಟಿಂದಾನೇ ಮಾಡ್ತಾರೆ, ಎಲ್ಲ ಸರಿಯಿದ್ರೆ ಅವತ್ತೋ ಮಾರನೇ ದಿನಾನೋ ಮನೆಗೆ ಬರಬಹುದು ಅಂತ ಅವಳಿಗೆ ಹೇಳು. ದುಡ್ಡು ಶುಕ್ರವಾರ ಭಾವನ ಅಕೌಂಟ್‌ಗೆ ಹಾಕ್ತೀನಿ, ಸ್ಟೆಂಟ್ ಹಾಕ್ಬೇಕು ಅಂದ್ರೂ ಕೇಳ್ಬೇಡ, ಹೂಂ ಅನ್ನು, ಇದೆ ನನ್ ಹತ್ರ. ಬರ್ಬೇಕು ಅಂದ್ರೆ ಬರ್ತೀನಿ, ರಜೆ ಕೊಡ್ತಾರೆ.

ನನ್ ಬಗ್ಗೆ ಯಾರೂ ಯೋಚ್ನೆ ಮಾಡ್ಬೇಡಿ, ಚೆನ್ನಾಗಿದೀನಿ, ಊಟ ಸರಿಯಾಗಿ ಮಾಡ್ತೀನಿ, ಸಾರಿನ ಪುಡಿ ಇನ್ನೂ ಇದೆ, ಚಳಿಗೆ ಒಳ್ಳೇ ಕೋಟಿದೆ, ಕೆಲಸದಲ್ಲೂ ಏನೂ ತೊಂದ್ರೆ ಇಲ್ಲ, ನಿಜವಾಗ್ಲೂ ಚೆನ್ನಾಗಿದೀನಿ.

ಶಿಫ್ಟ್‌ಗೆ ಹೊತ್ತಾಯ್ತು. ಸೋಮವಾರಾನೇ ಕರ್ಕೊಂಡು ಹೋಗು, ರಿಪೋರ್ಟ್ ಫೋಟೋ ತೆಗ್ದು ವಾಟ್ಸಾಪ್ ಮಾಡು, ಇಲ್ಲಿ ರಾತ್ರಿ ಎಷ್ಟೊತ್ತಾಗಿದ್ರೂ ಫೋನ್ ಮಾಡು.

ನಿನ್ನ ತಮ್ಮ,
ರವಿ