ಕ್ವೆಡ್ಲಿನ್‌ಬುರ್ಗಿನ ಮರದ ಮನೆಗಳು

ಜರ್ಮನಿಯಲ್ಲಿ ಪ್ರತಿವರ್ಷ ಸೆಪ್ಟೆಂಬರ್ ತಿಂಗಳ ಎರಡನೆಯ ಭಾನುವಾರ, ಉಳಿದ ದಿನಗಳಲ್ಲಿ ಹೊರಗಿನವರಿಗೆ ತೆರೆಯದ ಅನೇಕ ಹಳೆಯ ಕಟ್ಟಡಗಳ ಬಾಗಿಲು ಸಾರ್ವಜನಿಕರಿಗೆ ತೆರೆದುಕೊಳ್ಳುತ್ತದೆ. 1993ರಿಂದ ನಡೆದುಬಂದಿರುವ ಈ ದಿನಾಚರಣೆಗೆ ನಮ್ಮ ಸದಸ್ಯರು ಹೊರಡುವ ಮುನ್ನ, ಈ ಸಂಚಿಕೆಯಲ್ಲಿ ಒಂದು ಚಿಕ್ಕ ಊರಿನ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕೆನಿಸಿತು. ಹಾರ್ಟ್ಸ್ ಬೆಟ್ಟಸಾಲಿನ ಉತ್ತರದ ತಪ್ಪಲಲ್ಲಿ, ಬೋಡೆ ನದಿಯ ದಂಡೆಯಲ್ಲಿರುವ ಕ್ವೆಡ್ಲಿನ್‌ಬುರ್ಗ್ ಆ ಊರು. ಜನಸಂಖ್ಯೆ 24,000ದ ಆಸುಪಾಸು. ಮರದ ಚೌಕಟ್ಟಿನ ಹಳೆಯ ಮನೆಗಳು 2,000ಕ್ಕೂ ಹೆಚ್ಚು. ನಮ್ಮಲ್ಲಿ ಹಲವರು ರಜೆಯಲ್ಲಿ ಅಲ್ಲಿಗೆ ಹೋಗಿ, ಮಾರುಕಟ್ಟೆ ಚೌಕದಲ್ಲಿ ಚಿತ್ರ ತೆಗೆಸಿಕೊಂಡು, ಕಾಫಿ ಕುಡಿದು ಮರಳಿದ್ದಾರೆ. ಈ ಮನೆಗಳು ಇಂದಿಗೂ ನಿಂತಿರುವುದು ಹೇಗೆ ಎಂಬ ಪ್ರಶ್ನೆಗೆ ಮಾತ್ರ ಆ ಚಿತ್ರಗಳಲ್ಲಿ ಉತ್ತರ ಸಿಗುವುದಿಲ್ಲ. ಸರಕಾರ ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರಿಸಿತು, ಆದ್ದರಿಂದ ಉಳಿದವು ಎಂದು ಹೇಳುವುದು ಸುಲಭವಾದರೂ, ಆ ಉತ್ತರ ಅರ್ಧಕ್ಕಿಂತ ಕಡಿಮೆ ಸತ್ಯವೆಂದು ನನ್ನ ಅಭಿಪ್ರಾಯ.

ಊರಿನ ಹೆಸರು ದಾಖಲೆಯಲ್ಲಿ ಮೊದಲು ಕಾಣಿಸುವುದು 922ರಲ್ಲಿ. ಪೂರ್ವ ಫ್ರಾಂಕ್ ರಾಜ್ಯದ ದೊರೆ ಒಂದನೆಯ ಹೈನ್‌ರಿಖ್ 936ರಲ್ಲಿ ತೀರಿಕೊಂಡಾಗ ಅವನನ್ನು ಇಲ್ಲಿನ ಬಂಡೆಯ ಮೇಲಿನ ಕೋಟೆಯಲ್ಲಿ ಸಮಾಧಿ ಮಾಡಲಾಯಿತು. ಅವನ ವಿಧವೆ ಮಥಿಲ್ಡೆ ಅಲ್ಲಿಯೇ ಕುಲೀನ ಮನೆತನದ ಸ್ತ್ರೀಯರ ಮಠವೊಂದನ್ನು ಸ್ಥಾಪಿಸಿದಳು. ಆ ಮಠದ ಒಡತಿಯರು 1803ರವರೆಗೆ, ಎಂದರೆ ಎಂಟೂವರೆ ಶತಮಾನಗಳಿಗೂ ಹೆಚ್ಚು ಕಾಲ ಇಲ್ಲಿ ಅಧಿಕಾರ ನಡೆಸಿದರು. ಕೆಳಗಿನ ಊರಿನ ವರ್ತಕರು ಅವರ ಹಿಡಿತದಿಂದ ತಪ್ಪಿಸಿಕೊಳ್ಳಲು ಹೆಣಗಿ, 1477ರಲ್ಲಿ ಸಂಪೂರ್ಣವಾಗಿ ಸೋತು, ಸ್ವಾತಂತ್ರ್ಯವನ್ನು ಕಳೆದುಕೊಂಡರು. ಬೆಟ್ಟದ ಮೇಲಿನ ಸೇಂಟ್ ಸೆರ್ವಾಟಿಯುಸ್ ಚರ್ಚು 1129ರಲ್ಲಿ ಪವಿತ್ರೀಕರಣಗೊಂಡದ್ದು. ಪ್ರವಾಸಿ ಪುಸ್ತಕಗಳು ಅದರ ಬಗ್ಗೆಯೇ ಹೆಚ್ಚು ಬರೆಯುತ್ತವೆಯಾದರೂ, ರಾಜರು ಕಟ್ಟಿಸಿದ ಕಲ್ಲಿನ ಕಟ್ಟಡ ಉಳಿಯುವುದರಲ್ಲಿ ಅಂಥ ಸೋಜಿಗವಿಲ್ಲ. ಬೆಟ್ಟದ ಬುಡದಲ್ಲಿ ಚಮ್ಮಾರರು, ನೇಕಾರರು, ಬ್ರೆಡ್ಡು ಸುಡುವವರು, ಬಿಯರ್ ಬಟ್ಟಿಯವರು ತಮ್ಮ ಕೈಲಾದಷ್ಟು ಖರ್ಚಿನಲ್ಲಿ ಮರ ಮತ್ತು ಮಣ್ಣಿನಿಂದ ಕಟ್ಟಿಕೊಂಡ ಮನೆಗಳು ಉಳಿದಿರುವುದೇ ಸೋಜಿಗ.

ಈ ಮನೆಗಳ ರಚನೆಯನ್ನು ಒಮ್ಮೆ ಅರಿತುಕೊಂಡರೆ ಬೀದಿಯಲ್ಲಿ ನಡೆಯುವ ರೀತಿಯೇ ಬೇರೆಯಾಗುತ್ತದೆ. ಕಲ್ಲಿನ ಅಡಿಪಾಯದ ಮೇಲೆ ಉದ್ದುದ್ದನೆಯ ಓಕ್ ಅಥವಾ ಸೂಚಿಪರ್ಣಿ ಮರದ ತೊಲೆಯನ್ನು ಮಲಗಿಸಿ, ಅದರ ಮೇಲೆ ಕಂಬಗಳನ್ನು ನಿಲ್ಲಿಸಿ, ಕಂಬಗಳ ನಡುವೆ ಅಡ್ಡಮರಗಳನ್ನೂ ಗಾಳಿಗೆ ಮನೆ ವಾಲದಂತೆ ಓರೆಮರಗಳನ್ನೂ ಸೇರಿಸುತ್ತಾರೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಕೊರೆದ ತೂತಿನೊಳಗೆ ಕೂರಿಸಿ, ಮರದ್ದೇ ಗೂಟವನ್ನು ಹೊಡೆದು ಬಿಗಿಮಾಡುವುದರಿಂದ ಕಬ್ಬಿಣದ ಮೊಳೆಯ ಅಗತ್ಯ ಬಹಳ ಕಡಿಮೆ. ಬಡಗಿಗಳು ಇಡೀ ಚೌಕಟ್ಟನ್ನು ಮೊದಲು ಬೇರೆ ಜಾಗದಲ್ಲಿ ನೆಲದ ಮೇಲೆ ಜೋಡಿಸಿ ನೋಡಿ, ಯಾವ ಮರ ಯಾವುದಕ್ಕೆ ಸೇರಬೇಕೆಂದು ಗೀರುಗಳಿಂದ ಸಂಖ್ಯೆ ಕೊರೆದು, ಬಿಚ್ಚಿ, ಮನೆಯ ಜಾಗಕ್ಕೆ ತಂದು ಮತ್ತೆ ನಿಲ್ಲಿಸುತ್ತಿದ್ದರು. ಕಣ್ಣಿಟ್ಟು ನೋಡಿದರೆ ಆ ಗೀರುಗಳು ಇಂದಿಗೂ ಅನೇಕ ಕಡೆ ಕಾಣಿಸುತ್ತವೆ. ಚೌಕಟ್ಟಿನ ನಡುವಿನ ಖಾಲಿ ಜಾಗಗಳಲ್ಲಿ ಸೀಳಿದ ಕಡ್ಡಿಗಳನ್ನು ನಿಲ್ಲಿಸಿ, ಎಳೆಯ ಬಳ್ಳಿಕೊಂಬೆಗಳನ್ನು ತಟ್ಟಿಯಂತೆ ಹೆಣೆದು, ಹುಲ್ಲು ಬೆರೆಸಿ ತುಳಿದ ಮಣ್ಣನ್ನು ಎರಡೂ ಕಡೆಯಿಂದ ಮೆತ್ತಿ, ಮೇಲೆ ಸುಣ್ಣದ ಗಾರೆಯನ್ನು ಬಳಿಯುತ್ತಿದ್ದರು. ಮಲೆನಾಡಿನಲ್ಲಿ ತಟ್ಟಿಗೋಡೆಯ ಮನೆಯನ್ನು ಕಂಡವರಿಗೆ ಈ ಕೆಲಸವನ್ನು ವಿವರಿಸಬೇಕಾಗಿಲ್ಲ.

ಹಳೆಯ ಮನೆಗಳಲ್ಲಿ ಮೇಲಂತಸ್ತು ಕೆಳಗಿನದಕ್ಕಿಂತ ಬೀದಿಯ ಕಡೆಗೆ ಸ್ವಲ್ಪ ಮುಂದೆ ಚಾಚಿಕೊಂಡಿರುತ್ತದೆ. ಆ ಚಾಚಿನಡಿಯ ತೊಲೆಗಳ ತುದಿಯಲ್ಲೂ ಅವುಗಳ ಮೇಲಿನ ಅಡ್ಡಮರದಲ್ಲೂ ಹದಿನಾರನೆಯ ಶತಮಾನದ ಬಡಗಿಗಳು ಬೀಸಣಿಗೆಯಾಕಾರದ ಅರ್ಧಹೂವುಗಳನ್ನು, ಹಗ್ಗದಂತೆ ತಿರುಚಿದ ಪಟ್ಟಿಗಳನ್ನು ಕೆತ್ತಿದ್ದಾರೆ. ಮನೆ ಕಟ್ಟಿಸಿದವನ ಹೆಸರು, ಕಟ್ಟಿದ ವರ್ಷ, ದೇವರ ಆಶೀರ್ವಾದವನ್ನು ಬೇಡುವ ಒಂದು ಸಾಲು ಎಲ್ಲವೂ ಬಾಗಿಲ ಮೇಲಿನ ತೊಲೆಯಲ್ಲೇ ಇರುವುದುಂಟು. ಹದಿನೆಂಟನೆಯ ಶತಮಾನಕ್ಕೆ ಬರುವ ಹೊತ್ತಿಗೆ ಈ ಚಾಚು ಕಡಿಮೆಯಾಗಿ, ಕೆತ್ತನೆಯೂ ಸರಳವಾಗಿ, ಗೋಡೆ ಬಹುತೇಕ ಸಪಾಟಾಗುತ್ತದೆ. ಹೀಗೆ ಬಾಗಿಲ ಮೇಲಿನ ಇಸವಿಯನ್ನು ಓದದೆಯೇ ಮನೆಯ ಕಾಲವನ್ನು ಸುಮಾರಾಗಿ ಅಂದಾಜಿಸಬಹುದು. ಊರಿನ ಮನೆಗಳಲ್ಲಿ ಹೆಚ್ಚಿನವು ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳವು. ಹತ್ತೊಂಬತ್ತನೆಯ ಶತಮಾನದಲ್ಲಿ ಹೂವು ಮತ್ತು ತರಕಾರಿ ಬೀಜಗಳ ಉತ್ಪಾದನೆಯಿಂದ ಹಣ ಮಾಡಿದವರು ಹಳೆಯ ಕೋಟೆಗೋಡೆಯ ಹೊರಗೆ ಬಂಗಲೆಗಳನ್ನು ಕಟ್ಟಿಸಿಕೊಂಡರು. ಹಳೆಯ ಊರನ್ನು ಕೆಡವಿ ಹೊಸದನ್ನು ಕಟ್ಟುವ ಅಗತ್ಯ ಆಗ ಅವರಿಗೆ ಬರಲಿಲ್ಲ.

ವೋರ್ಡ್‌ಗಾಸ್ಸೆ ಎಂಬ ಓಣಿಯ ಮೂರನೆಯ ಸಂಖ್ಯೆಯ ಮನೆಯನ್ನು ಪ್ರತ್ಯೇಕವಾಗಿ ಹೆಸರಿಸಬೇಕು. ಅದರ ಕಂಬಗಳು ನೆಲದಿಂದ ಸೂರಿನವರೆಗೆ ಒಂದೇ ಮರ. ಅಂತಸ್ತಿನ ಮೇಲೆ ಅಂತಸ್ತನ್ನು ಬೇರೆಬೇರೆಯಾಗಿ ಕಟ್ಟುವ ಪದ್ಧತಿ ಬರುವುದಕ್ಕೂ ಹಿಂದಿನ ಮಾದರಿ ಅದು. ಇಡೀ ಜರ್ಮನಿಯಲ್ಲಿಯೇ ಅತ್ಯಂತ ಹಳೆಯ ಮರದ ಚೌಕಟ್ಟಿನ ಮನೆಯೆಂದು ಅದನ್ನು ಬಹುಕಾಲ ನಂಬಲಾಗಿತ್ತು. ಮರದ ಬೆಳವಣಿಗೆಯ ಉಂಗುರಗಳನ್ನು ಎಣಿಸಿ ಕಾಲ ನಿರ್ಣಯಿಸುವ ವಿಧಾನದಿಂದ ಅದು 1346–47ರದೆಂದು ತಿಳಿದುಬಂದಿದೆ, ಅದಕ್ಕಿಂತ ಹಳೆಯ ಮನೆಗಳು ಬೇರೆಡೆ ಪತ್ತೆಯಾಗಿವೆ. ಇಷ್ಟಾದರೂ ನನಗೆ ಮುಖ್ಯವೆನಿಸುವುದು ಅದರ ವಯಸ್ಸಲ್ಲ. 1960ರ ದಶಕದವರೆಗೂ ಅದರೊಳಗೆ ಜನ ಸಂಸಾರ ಮಾಡಿಕೊಂಡಿದ್ದರು, ವಸ್ತುಸಂಗ್ರಹಾಲಯವಾದದ್ದು ಆಮೇಲೆ. ಆರು ಶತಮಾನಗಳ ಕಾಲ ಸೋರಿದ ಕಡೆ ಹಂಚು ಬದಲಿಸಿ, ಬಿರುಕು ಬಿಟ್ಟ ಕಡೆ ಮಣ್ಣು ಮೆತ್ತಿ ಆ ಮನೆಯನ್ನು ಕಾದವರು ಯಾವ ಇಲಾಖೆಯವರೂ ಅಲ್ಲ, ಅದರಲ್ಲಿದ್ದ ಬಡ ಸಂಸಾರಗಳವರು.

ಎರಡನೆಯ ಮಹಾಯುದ್ಧದಲ್ಲಿ ಊರಿಗೆ ದೊಡ್ಡ ಹಾನಿಯಾಗಲಿಲ್ಲ. ಅದಕ್ಕೂ ಮುನ್ನ ನಾಜಿ ನಾಯಕ ಹಿಮ್ಲರ್ ಮತ್ತವನ ಎಸ್‌ಎಸ್ ಪಡೆಯವರು ಬೆಟ್ಟದ ಚರ್ಚನ್ನು ಕಸಿದುಕೊಂಡು, ಹೈನ್‌ರಿಖ್ ದೊರೆಯ ಹೆಸರಿನಲ್ಲಿ ತಮ್ಮದೇ ಆಚರಣೆಗಳನ್ನು ನಡೆಸಿದ್ದರು. ಹಳೆಯ ಕಟ್ಟಡವನ್ನು ಗೌರವಿಸುವ ನೆಪದಲ್ಲಿ ಎಂಥೆಂಥವರೆಲ್ಲ ಬರುತ್ತಾರೆಂಬುದಕ್ಕೆ ಇದೊಂದು ನಿದರ್ಶನ. ಮನೆಗಳಿಗೆ ನಿಜವಾದ ಗಂಡಾಂತರ ಬಂದದ್ದು ಯುದ್ಧದ ನಂತರ. ಪೂರ್ವ ಜರ್ಮನಿಯ ಆಡಳಿತವು ಬಾಡಿಗೆಯನ್ನು ತೀರ ಕಡಿಮೆ ಮಟ್ಟದಲ್ಲಿ ಕಟ್ಟಿಹಾಕಿದ್ದರಿಂದ ಮನೆಯ ಒಡೆಯರಿಗೆ ಚಾವಣಿಯನ್ನು ರಿಪೇರಿ ಮಾಡಿಸುವಷ್ಟೂ ಹಣ ಹುಟ್ಟುತ್ತಿರಲಿಲ್ಲ. ಹಣವಿದ್ದರೂ ಮರ, ಹಂಚು, ಕೆಲಸಗಾರ ಸಿಗುತ್ತಿರಲಿಲ್ಲ. 1960ರ ದಶಕದಲ್ಲಿ ಹಳೆಯ ಊರನ್ನೇ ಕೆಡವಿ, ವಿಶಾಲವಾದ ಚೌಕವೊಂದನ್ನೂ ಕಾಂಕ್ರೀಟ್ ಫಲಕಗಳ ವಸತಿಕಟ್ಟಡಗಳನ್ನೂ ನಿರ್ಮಿಸುವ ಯೋಜನೆ ಸಿದ್ಧವಾಯಿತು. ಅದು ಕೈಗೂಡದಿರಲು ಕಾರಣ ಪಾರಂಪರಿಕ ಪ್ರಜ್ಞೆಯಲ್ಲ, ಬೊಕ್ಕಸದಲ್ಲಿ ದುಡ್ಡಿರಲಿಲ್ಲ. ಎಂಬತ್ತರ ದಶಕದಲ್ಲಿ ಕೆಲವು ಓಣಿಗಳಲ್ಲಿ ಹಳೆಯ ಮನೆಗಳು ಉರುಳಿದವು. ಅಲ್ಲಿ ಎದ್ದ ಫಲಕದ ಮನೆಗಳನ್ನು ಸುತ್ತಲಿನ ಎತ್ತರಕ್ಕೂ ಇಳಿಜಾರು ಚಾವಣಿಗೂ ಹೊಂದಿಸಲು ವಾಸ್ತುಶಿಲ್ಪಿಗಳು ಪ್ರಯತ್ನಿಸಿದ್ದಾರೆ. ಇಂದು ಅವನ್ನು ನೋಡಿ ನಗುವ ಪ್ರವಾಸಿಗರುಂಟು, ನನಗಾದರೋ ಆ ಇಕ್ಕಟ್ಟಿನ ಕಾಲದಲ್ಲಿ ಅಷ್ಟಾದರೂ ಸಂಕೋಚ ಉಳಿದಿತ್ತಲ್ಲ ಎನಿಸುತ್ತದೆ. 1989ರ ಶರತ್ಕಾಲದಲ್ಲಿ ಆಡಳಿತವೇ ಕುಸಿದು ಕೆಡವುವ ಕೆಲಸ ನಿಂತಿತು. ಐದು ವರ್ಷಗಳಲ್ಲಿ, 1994ರಲ್ಲಿ, ಯುನೆಸ್ಕೋ ಈ ಊರಿನ ಹಳೆಯ ಭಾಗವನ್ನೂ ಬೆಟ್ಟದ ಮೇಲಿನ ಚರ್ಚು-ಕೋಟೆಯನ್ನೂ ವಿಶ್ವ ಪರಂಪರೆಯ ತಾಣವೆಂದು ಸಾರಿತು.

ಅಲ್ಲಿಗೆ ಕಥೆ ಸುಖಾಂತವಾಯಿತೆಂದು ಭಾವಿಸುವಂತಿಲ್ಲ. ಘೋಷಣೆಯ ಹೊತ್ತಿಗೆ ಅನೇಕ ಮನೆಗಳು ಖಾಲಿಯಿದ್ದವು, ಚಾವಣಿ ಕುಸಿದಿತ್ತು, ಕೆಳಗಿನ ತೊಲೆ ಕೊಳೆತಿತ್ತು. ಹಿಂದಿನ ದಶಕಗಳಲ್ಲಿ ಸದುದ್ದೇಶದಿಂದಲೇ ಮಾಡಿದ ರಿಪೇರಿಗಳು ಕೆಲವೆಡೆ ನಿರ್ಲಕ್ಷ್ಯಕ್ಕಿಂತ ಹೆಚ್ಚು ಕೆಡುಕು ಮಾಡಿದ್ದವು. ಮಣ್ಣು ಉದುರಿದ ಕಡೆ ಸಿಮೆಂಟ್ ಗಾರೆಯನ್ನು ತುಂಬಿದರೆ, ಋತು ಬದಲಾದಂತೆ ಹಿಗ್ಗಿ ಕುಗ್ಗುವ ಮರಕ್ಕೂ ಕದಲದ ಸಿಮೆಂಟಿಗೂ ನಡುವೆ ಕೂದಲೆಳೆಯ ಸಂದು ಬೀಳುತ್ತದೆ. ಮಳೆನೀರು ಅದರೊಳಗೆ ಇಳಿಯುತ್ತದೆ, ಹೊರಬರಲು ದಾರಿ ಕಾಣದೆ ಅಲ್ಲಿಯೇ ನಿಲ್ಲುತ್ತದೆ. ಉಸಿರಾಡದ ಪ್ಲಾಸ್ಟಿಕ್ ಬಣ್ಣವನ್ನು ಮರಕ್ಕೆ ಬಳಿದರೂ ಇದೇ ಗತಿ. ಹೊರಗೆ ಲಕಲಕಿಸುವ ಮನೆಯ ತೊಲೆ ಒಳಗೊಳಗೇ ಹುಡಿಯಾಗಿರುತ್ತದೆ. ಮಣ್ಣಾದರೋ ಮರದ ತೇವವನ್ನು ತಾನು ಹೀರಿ ಗಾಳಿಗೆ ಬಿಟ್ಟುಕೊಡುತ್ತದೆ. ಇಷ್ಟು ಸಣ್ಣ ಸಂಗತಿಯನ್ನು ಮತ್ತೆ ಕಲಿಯಲು ಜರ್ಮನಿಯಂಥ ದೇಶಕ್ಕೂ ಒಂದು ತಲೆಮಾರು ಬೇಕಾಯಿತು.

ಕಲಿಸುವ ವ್ಯವಸ್ಥೆಯೂ ಇದೇ ಊರಿನಲ್ಲಿ ಬೆಳೆಯಿತೆಂಬುದು ಉಲ್ಲೇಖಾರ್ಹ. ಶಾಲೆ ಮುಗಿಸಿದ ಯುವಜನರು ಒಂದು ವರ್ಷ ಬಡಗಿಗಳು, ಗಾರೆಯವರು, ಕಲ್ಲುಕುಟಿಗರ ಕೈಕೆಳಗೆ ಹಳೆಯ ಕಟ್ಟಡಗಳಲ್ಲಿ ದುಡಿದು ಕಲಿಯುವ ‘ಯೂಗೆಂಡ್‌ಬೌಹ್ಯುಟ್ಟೆ’ ಎಂಬ ಕಾರ್ಯಕ್ರಮದ ಮೊದಲ ಕೇಂದ್ರವನ್ನು ಜರ್ಮನ್ ಸ್ಮಾರಕ ಸಂರಕ್ಷಣಾ ಪ್ರತಿಷ್ಠಾನವು 1999ರಲ್ಲಿ ಕ್ವೆಡ್ಲಿನ್‌ಬುರ್ಗಿನಲ್ಲಿ ಆರಂಭಿಸಿತು. ಈಗ ಅಂಥ ಕೇಂದ್ರಗಳು ದೇಶದ ಹಲವು ಕಡೆ ಇವೆ. ಹದಿನಾರರಿಂದ ಇಪ್ಪತ್ತಾರರ ವಯಸ್ಸಿನವರು ಸೇರಬಹುದು. ನಮ್ಮ ಕುಟುಂಬಗಳ ಮಕ್ಕಳು ಪ್ರೌಢಶಿಕ್ಷಣ ಮುಗಿದ ಕೂಡಲೇ ಎಂಜಿನಿಯರಿಂಗಿಗೋ ವೈದ್ಯಕೀಯಕ್ಕೋ ಧಾವಿಸುವ ಮುನ್ನ ಇಂಥದೊಂದು ವರ್ಷವಿದೆಯೆಂಬುದನ್ನಾದರೂ ತಂದೆತಾಯಿಯರು ಅವರ ಕಿವಿಗೆ ಹಾಕಬೇಕು. (ವೈದ್ಯಕೀಯದ ಮಾತು ಬಂದುದರಿಂದ ಹೇಳುತ್ತೇನೆ: ಜರ್ಮನಿಯಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಡೊರೊಥಿಯಾ ಎರ್ಕ್ಸ್‌ಲೇಬೆನ್ ಇದೇ ಊರಿನವರು, 1754ರಲ್ಲಿ ಹಾಲೆ ವಿಶ್ವವಿದ್ಯಾಲಯ ಅವರಿಗೆ ಆ ಪದವಿಯನ್ನು ನೀಡಿತು.)

ಇನ್ನು ಪಟ್ಟಿಯ ವಿಷಯ. ಜರ್ಮನಿಯಲ್ಲಿ ಸ್ಮಾರಕ ಸಂರಕ್ಷಣೆ ಕೇಂದ್ರ ಸರಕಾರದ್ದಲ್ಲ, ರಾಜ್ಯಗಳ ಹೊಣೆ. ಹದಿನಾರು ರಾಜ್ಯಗಳಿಗೂ ತಮ್ಮತಮ್ಮ ಕಾಯಿದೆಗಳಿವೆ. ಕೆಲವು ರಾಜ್ಯಗಳಲ್ಲಿ ಪಟ್ಟಿಗೆ ಸೇರಿದ ಮೇಲಷ್ಟೇ ಕಟ್ಟಡಕ್ಕೆ ರಕ್ಷಣೆ ದೊರೆಯುತ್ತದೆ. ಕ್ವೆಡ್ಲಿನ್‌ಬುರ್ಗ್ ಇರುವ ಸ್ಯಾಕ್ಸನಿ-ಆನ್‌ಹಾಲ್ಟ್‌ನಲ್ಲಿ ಕಟ್ಟಡಕ್ಕೆ ಸ್ಮಾರಕವೆನಿಸುವ ಯೋಗ್ಯತೆಯಿದ್ದರೆ ಸಾಕು, ರಕ್ಷಣೆ ತಾನಾಗಿಯೇ ದೊರೆಯುತ್ತದೆ; ಪಟ್ಟಿ ಅದನ್ನು ದಾಖಲಿಸುತ್ತದೆ ಅಷ್ಟೆ. ಒಡೆಯನಾದವನು ಕಿಟಕಿ, ಬಣ್ಣ, ಹಂಚು, ಚಾವಣಿಯ ಮೇಲಿನ ಸೌರಫಲಕ ಯಾವುದನ್ನು ಬದಲಿಸಬೇಕಾದರೂ ಮೊದಲು ಸ್ಥಳೀಯ ಸಂರಕ್ಷಣಾ ಕಚೇರಿಯ ಒಪ್ಪಿಗೆಯನ್ನು ಪಡೆಯಬೇಕು. ಇದಕ್ಕೆ ಪ್ರತಿಯಾಗಿ ಸಿಗುವುದು ತೆರಿಗೆಯ ರಿಯಾಯಿತಿ. ಕಚೇರಿಯೊಂದಿಗೆ ಮೊದಲೇ ಒಪ್ಪಂದವಾಗಿ ಮಾಡಿದ ದುರಸ್ತಿಯ ವೆಚ್ಚದಲ್ಲಿ, ತಾನೇ ವಾಸಿಸುವವನು ವರ್ಷಕ್ಕೆ ಶೇ. 9ರಂತೆ ಹತ್ತು ವರ್ಷ ತೆರಿಗೆಯ ಲೆಕ್ಕದಲ್ಲಿ ಕಳೆಯಬಹುದು. ಬಾಡಿಗೆಗೆ ಕೊಡುವವನು ಮೊದಲ ಎಂಟು ವರ್ಷ ಶೇ. 9, ಮುಂದಿನ ನಾಲ್ಕು ವರ್ಷ ಶೇ. 7ರಂತೆ ಪೂರ್ಣ ವೆಚ್ಚವನ್ನು ಕಳೆಯಬಹುದು. ಕೆಲಸ ಆರಂಭಿಸಿ ಆಮೇಲೆ ಅರ್ಜಿ ಹಾಕಿದವರಿಗೆ ಇದು ದಕ್ಕುವುದಿಲ್ಲ. ನಮ್ಮ ಸದಸ್ಯರಲ್ಲಿ ಇತ್ತೀಚೆಗೆ ಹಳೆಯ ಮನೆ ಕೊಳ್ಳಲು ಹೊರಟವರು ಕೆಲವರಿರುವುದರಿಂದ ಈ ಕೊನೆಯ ಮಾತನ್ನು ಗಮನವಿಟ್ಟು ಓದಬೇಕೆಂದು ವಿನಂತಿ. ಬಾಡಿಗೆಗೆ ಹೋಗುವವರು ತಿಳಿದಿರಬೇಕಾದ ಇನ್ನೊಂದು ಸಂಗತಿಯೆಂದರೆ, ಇಂಥ ಕಟ್ಟಡಗಳಿಗೆ ಶಕ್ತಿಬಳಕೆಯ ಪ್ರಮಾಣಪತ್ರವನ್ನು ತೋರಿಸುವ ಕಡ್ಡಾಯವಿಲ್ಲ. ಆದುದರಿಂದ ಚಳಿಗಾಲದ ಬಿಸಿಯ ಖರ್ಚೆಷ್ಟೆಂದು ಹಿಂದಿನ ಬಾಡಿಗೆದಾರರನ್ನೇ ಕೇಳಿ ತಿಳಿಯುವುದು ಜಾಣತನ.

ನಿರ್ಬಂಧ ಮತ್ತು ರಿಯಾಯಿತಿಯ ಈ ಏರ್ಪಾಡಿನ ಹಿಂದಿರುವ ನಿರೀಕ್ಷೆ ಒಂದೇ: ಮನೆಯಲ್ಲಿ ಜನ ಇರಬೇಕು. ನಮ್ಮ ಹಂಪಿಯೂ 1986ರಿಂದ ಅದೇ ಯುನೆಸ್ಕೋ ಪಟ್ಟಿಯಲ್ಲಿದೆ; ಅಲ್ಲಿನ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ನೆಲೆಸಿದ್ದ ಕುಟುಂಬಗಳನ್ನು 2011ರಲ್ಲಿ ತೆರವುಗೊಳಿಸಲಾಯಿತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ, ಏಕೆಂದರೆ ಆ ಮಂಟಪಗಳು ಮನೆಗಳಾಗಿ ಕಟ್ಟಿದವುಗಳಲ್ಲ. ಆದರೆ ಸ್ಮಾರಕವೆಂದರೆ ಬೇಲಿ ಹಾಕಿ ಜನರನ್ನು ಹೊರಗಿಡಬೇಕಾದದ್ದು ಎಂಬ ಕಲ್ಪನೆಯಲ್ಲಿ ಬೆಳೆದ ನಮಗೆ, ವಿಶ್ವ ಪರಂಪರೆಯ ಮನೆಯ ಕಿಟಕಿಯಲ್ಲಿ ಒಗೆದ ಬಟ್ಟೆ ಒಣಗುತ್ತಿರುವುದನ್ನು ಕಂಡಾಗ ಆಶ್ಚರ್ಯವಾಗುವುದು ಸಹಜ.

ಆ ನಿರೀಕ್ಷೆ ಎಲ್ಲ ಕಡೆಯೂ ಈಡೇರುತ್ತಿದೆಯೆಂದು ಹೇಳಲಾರೆ. ಜರ್ಮನಿ ಒಂದಾದ ಮೇಲೆ ಪೂರ್ವದ ಚಿಕ್ಕ ಊರುಗಳ ಯುವಜನರು ಕೆಲಸ ಹುಡುಕಿಕೊಂಡು ಪಶ್ಚಿಮಕ್ಕೆ ಹೋದರು, ಕ್ವೆಡ್ಲಿನ್‌ಬುರ್ಗೂ ಇದಕ್ಕೆ ಹೊರತಲ್ಲ. ದುರಸ್ತಿಯಾದ ಮನೆಗಳಲ್ಲಿ ಕೆಲವು ಪ್ರವಾಸಿಗರ ತಂಗುಮನೆಗಳಾಗಿವೆ. ತಂಗುಮನೆಯಿಂದ ಬರುವ ಹಣದಲ್ಲಿ ಚಾವಣಿ ಉಳಿಯುತ್ತದೆ ನಿಜ. ಆದರೆ ವಾರಕ್ಕೊಮ್ಮೆ ಬದಲಾಗುವ ಅತಿಥಿಯ ಕಣ್ಣಿಗೆ ಗೋಡೆಯ ಮೂಲೆಯಲ್ಲಿ ಹೊಸದಾಗಿ ಕಾಣಿಸಿಕೊಂಡ ತೇವದ ಕಲೆ ಬೀಳುವುದಿಲ್ಲ. ಬಿದ್ದರೂ ಅವನು ಯಾರಿಗೂ ಹೇಳುವುದಿಲ್ಲ.

ಈ ಬಾರಿಯ ತೆರೆದ ಬಾಗಿಲಿನ ಭಾನುವಾರ ಕ್ವೆಡ್ಲಿನ್‌ಬುರ್ಗಿಗೆ ಹೋಗಲಾಗದವರು ತಾವಿರುವ ಊರಿನಲ್ಲೇ ಇಂಥ ಕಟ್ಟಡವೊಂದನ್ನು ನೋಡಬಹುದು. ಆ ದಿನ ಬಹುತೇಕ ಕಡೆ ಪ್ರವೇಶ ಉಚಿತ, ಅನೇಕ ಕಡೆ ಒಡೆಯರು ಅಥವಾ ಬಡಗಿಗಳೇ ನಿಂತು ವಿವರಿಸುತ್ತಾರೆ. ಅವರನ್ನು ಕಟ್ಟಡದ ಇತಿಹಾಸದ ಬಗ್ಗೆ ಕೇಳುವವರು ಬಹಳ ಮಂದಿ. ಕೆಳಗಿನ ತೊಲೆಯನ್ನು ಯಾವಾಗ ಬದಲಿಸಿದಿರಿ, ಹೊಸ ಓಕ್ ಮರ ಎಲ್ಲಿಂದ ಬಂತು, ಬದಲಿಸುವಾಗ ಮೇಲಿನ ಮನೆಯನ್ನು ಯಾವುದರ ಮೇಲೆ ಎತ್ತಿ ನಿಲ್ಲಿಸಿದಿರಿ ಎಂದು ಕೇಳಿ ನೋಡಿ. ಅವರು ಹೇಳಿದ್ದನ್ನು ಬರೆದು ಕಳುಹಿಸಿದರೆ ಮುಂದಿನ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ; ಮಕ್ಕಳು ಬಿಡಿಸಿದ ಚಿತ್ರಗಳಿಗೂ ಎರಡು ಪುಟಗಳನ್ನು ಮೀಸಲಿಡಲಾಗಿದೆ.

— ಸಂಪಾದಕ