ಹತ್ತು ಮಳೆಗಾಲ ಮತ್ತು ಕೆಳಮನೆ ವೈನಿ

ಶಾಲೆ ಶುರುವಾದ ದಿನದ ಸಂಜೆಯೇ ನಮ್ಮ ಮಕ್ಕಳ ಸಂಜೆ ಕೋಣೆಯ ಹೊಸ ಜಾಗದ ಬಾಗಿಲು ತೆಗೆದೆವು. ರಿಬ್ಬನ್ ಕಟ್ಟಲಿಲ್ಲ, ಭಾಷಣ ಇಡಲಿಲ್ಲ. ಮಕ್ಕಳೇ ಹಳೇ ಕೋಣೆಯಿಂದ ಚಾಪೆ, ಪುಸ್ತಕದ ಡಬ್ಬ, ಕ್ಯಾರಂ ಬೋರ್ಡು ಎಲ್ಲ ಹೊತ್ತು ತಂದರು. ಬೋರ್ಡಿಗೆ ಪುಡಿ ಬಿತ್ತು, ಆಟ ಶುರುವಾಯಿತು, ಐದೇ ನಿಮಿಷಕ್ಕೆ ಜಗಳವೂ ಶುರುವಾಯಿತು. ಅಲ್ಲಿಗೆ ಗೃಹಪ್ರವೇಶ ಆದಂತೆಯೇ ಲೆಕ್ಕ.

2015ರಲ್ಲಿ ಕಾರವಾರದ ಬೈತಖೋಲ ಬಂದರಿನ ಬದಿಯ ಓಣಿಯಲ್ಲಿ ಒಂದು ಮಹಡಿ ಕೋಣೆ ಹಿಡಿದು ಆರಂಭಿಸಿದ್ದು. ಈಗ ಹತ್ತು ಮಳೆಗಾಲ ದಾಟಿದೆ. "ನಾಲ್ಕು ಮಾತು ಬರಿ, ಎಲ್ಲರಿಗೂ ಥ್ಯಾಂಕ್ಸ್ ಹೇಳು" ಎಂದು ಬೇಕಾದವರು ಹೇಳಿದರು. ಹೇಳುತ್ತೇನೆ. ಆದರೆ ಎಲ್ಲರಿಗೂ ಸಮಪಾಲು ಹಂಚಲು ನನಗಾಗುವುದಿಲ್ಲ. ಒಬ್ಬರ ಋಣ ಉಳಿದವರದ್ದಕ್ಕಿಂತ ಬಹಳ ದೊಡ್ಡದಿದೆ. ಯಾರೂ ಬೇಜಾರು ಮಾಡಿಕೊಳ್ಳಬೇಡಿ.

ಹೊಸದಾಗಿ ಕೇಳುವವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಮ್ಮದು ಟ್ಯೂಷನ್ನೂ ಅಲ್ಲ, ಹಾಸ್ಟೆಲ್ಲೂ ಅಲ್ಲ. ಶಾಲೆ ಬಿಟ್ಟಾಗಿನಿಂದ ರಾತ್ರಿ ಎಂಟರ ತನಕ ಬಾಗಿಲು ತೆರೆದಿರುವ ಒಂದು ಕೋಣೆ, ಅಷ್ಟೇ. ಯಾವ ಮಗುವೂ ಬರಬಹುದು, ಸಾಕೆನಿಸಿದಾಗ ಎದ್ದು ಹೋಗಬಹುದು. ಹಾಜರಿ ಪುಸ್ತಕ ಇಲ್ಲ, ಫೀ ಇಲ್ಲ, "ಇಷ್ಟು ದಿನ ಎಲ್ಲಿದ್ದೆ?" ಎಂಬ ವಿಚಾರಣೆ ಇಲ್ಲ. ಬರುವವರಲ್ಲಿ ಅರ್ಧದಷ್ಟು ಓಣಿಯವರೇ, ಮೀನುಗಾರರ ಮಕ್ಕಳು. ಉಳಿದವರ ಅಪ್ಪ ಅಮ್ಮ ಕೊಪ್ಪಳ, ಗದಗ, ವಿಜಯಪುರದ ಕಡೆಯಿಂದ ಗೌಂಡಿ ಕೆಲಸಕ್ಕೆ, ನೌಕಾನೆಲೆಯ ಕಾಮಗಾರಿಗೆ ಬಂದವರು. ಒಡಿಶಾ, ಜಾರ್ಖಂಡದಿಂದ ಬೋಟಿನ ಕೆಲಸಕ್ಕೆ ಬಂದವರ ಸಂಸಾರಗಳೂ ಇವೆ. ಒಂದೇ ಕೋಣೆಯ ಬಾಡಿಗೆ ಮನೆ. ದೊಡ್ಡವರು ಮನೆ ಸೇರುವಾಗ ಕತ್ತಲಾಗಿರುತ್ತದೆ. ಅಲ್ಲಿಯತನಕ ಆ ಮಕ್ಕಳಿಗೆ ಇರುವುದು ಬೀದಿ, ಬಂದರು, ಯಾರದ್ದೋ ಮೊಬೈಲು. ಬಂದರಿನಲ್ಲಿ ಹನ್ನೆರಡರ ಹುಡುಗನಿಗೂ ಕೆಲಸಕ್ಕೆ ಬರವಿಲ್ಲ. ಐಸ್ ಒಡೆಯುವುದು, ಬುಟ್ಟಿ ಹೊರುವುದು, ಬಲೆಯಿಂದ ಮೀನು ಬಿಡಿಸುವುದು. ಹದಿನಾಲ್ಕು ತುಂಬದವರನ್ನು ದುಡಿಸುವಂತಿಲ್ಲ ಎನ್ನುತ್ತದೆ ಕಾನೂನು. ಕೈಗೆ ನೂರರ ನೋಟು ಬಂದ ಮೇಲೆ ಆ ಹುಡುಗನನ್ನು ಏಳನೇ ತರಗತಿಯ ಬೆಂಚಿಗೆ ವಾಪಸು ಕೂರಿಸುವುದು ಹೇಗೆ ಎಂದು ಮಾತ್ರ ಯಾವ ಕಲಮ್ಮಿನಲ್ಲೂ ಬರೆದಿಲ್ಲ.

ಸಹಾಯ ಮಾಡಿದವರು ಬಹಳ ಮಂದಿ. ಮುಂಬಯಿ, ಗೋವಾ, ದುಬೈಯಿಂದ ತಿಂಗಳು ತಪ್ಪದೆ ಹಣ ಕಳಿಸುವ ಊರಿನವರಿಗೆ, ರವಿವಾರದ ಸಂತೆ ಮುಗಿಸಿ ಹೋಗುವಾಗ ಉಳಿದ ಹರಿವೆ, ಬಸಳೆ, ಟೊಮೆಟೊ ಮೆಟ್ಟಿಲ ಮೇಲಿಟ್ಟು ಹೋಗುವ ಹೆಂಗಸರಿಗೆ, ನಿನ್ನೆಯ ಬನ್ಸ್ ಎಂದು ಸುಳ್ಳು ಹೇಳಿ ಇವತ್ತಿನದನ್ನೇ ಕೊಡುವ ಹೋಟೆಲಿನ ಮಾಮನಿಗೆ, ರಾತ್ರಿ ಮಳೆಯಲ್ಲಿ ಹುಡುಗಿಯರನ್ನು ಮನೆ ಬಾಗಿಲ ತನಕ ಬಿಟ್ಟು ಬಾಡಿಗೆ ಕೇಳದ ಆಟೊದ ಅಣ್ಣಂದಿರಿಗೆ, ಹೊಸ ಕೋಣೆಯನ್ನು ಡಿಪಾಸಿಟ್ ಇಲ್ಲದೆ ಕೊಟ್ಟ ಹಿರಿಯರಿಗೆ ಕೈಮುಗಿಯುತ್ತೇನೆ.

ನಿವೃತ್ತ ಹೆಡ್‌ಮಾಸ್ತರರಿಗೆ ಮಾತ್ರ ಬೇರೆಯೇ ಸಾಲು ಬೇಕು. ವಲಸೆ ಬಂದವರ ಮಕ್ಕಳದ್ದು ಯಾವಾಗಲೂ ನಡುವರ್ಷದ ದಾಖಲಾತಿ, ಮತ್ತು ಯಾವಾಗಲೂ ಟಿಸಿಯ ತಕರಾರು. ಹಳೇ ಶಾಲೆಯಿಂದ ಟಿಸಿ ತರಲು ಅಪ್ಪ ಎರಡು ದಿನದ ಕೂಲಿ ಬಿಟ್ಟು ಊರಿಗೆ ಹೋಗಬೇಕು. ಅವನು ಹೋಗುವುದಿಲ್ಲ, ಮಗು ಮನೆಯಲ್ಲೇ ಉಳಿಯುತ್ತದೆ. ಮಾಸ್ತರರ ಅಂಗಿಯ ಜೇಬಿನಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯ ಐದನೇ ಕಲಮ್ಮಿನ ಜೆರಾಕ್ಸ್ ಸದಾ ಇರುತ್ತದೆ. ಟಿಸಿ ತಡವಾಯಿತೆಂದು ದಾಖಲಾತಿ ತಡೆಯುವಂತಿಲ್ಲ ಎಂಬ ಸಾಲಿಗೆ ಕೆಂಪು ಗೆರೆ ಎಳೆದಿದ್ದಾರೆ. ಅದನ್ನು ಮೇಜಿನ ಮೇಲೆ ಬಿಡಿಸಿಟ್ಟು, ಕನ್ನಡಕ ಒರೆಸುತ್ತ ಕೂರುತ್ತಾರೆ. ಬಾಯಿ ಬಿಟ್ಟು ಒಂದು ಮಾತಾಡುವುದಿಲ್ಲ. ಹೆಚ್ಚಿನ ಕಡೆ ಕೆಲಸ ಆಗುತ್ತದೆ.

ಇನ್ನು ವೈನಿಯ ವಿಷಯ. ಹೆಸರು ಹಾಕಿದರೆ ಮೀನಿನ ಬುಟ್ಟಿ ತಲೆಯ ಮೇಲೆ ಸುರಿಯುತ್ತೇನೆ ಎಂದಿದ್ದಾರೆ, ಹಾಗಾಗಿ ವೈನಿ ಎಂದೇ ಇರಲಿ. ಓಣಿಗೆಲ್ಲ ಅವರು ವೈನಿಯೇ, ಅಂದರೆ ಅತ್ತಿಗೆ.

ನಮ್ಮ ಹಳೇ ಕೋಣೆಯ ಕೆಳಗೇ ಅವರ ಮನೆ. ಬೆಳಗಿನ ಜಾವ ಬಂದರಿನ ಹರಾಜಿನಲ್ಲಿ ಮೀನು ಹಿಡಿದು, ಮಧ್ಯಾಹ್ನದ ತನಕ ಮನೆ ಮನೆ ಸುತ್ತಿ ಮಾರುವವರು. ಮೊದಲ ವರ್ಷಗಳಲ್ಲಿ ನಮಗೂ ಅವರಿಗೂ ಇದ್ದ ಸಂಬಂಧ ಕೋಣೆಯ ಬೀಗದ ಕೈ ಇಟ್ಟುಕೊಳ್ಳುವಷ್ಟು, ಮಳೆ ಬಂದರೆ ಕಿಟಕಿ ಹಾಕುವಷ್ಟು. ಮಕ್ಕಳ ವಿಷಯಕ್ಕೆ ಬಂದವರಲ್ಲ, ನಾವೂ ಕರೆದಿರಲಿಲ್ಲ.

2024ರ ಮಳೆಗಾಲ ಜಿಲ್ಲೆಗೇ ಕೆಟ್ಟದಾಗಿತ್ತು. ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕಳೆದ ಮೇಲೆ ಗೋವಾ ದಾರಿಯಲ್ಲಿರುವ ಕಾಳಿ ನದಿಯ ಹಳೇ ಸೇತುವೆ ಬಿತ್ತು. ನಮ್ಮ ಆ ರಾತ್ರಿ ಬಂದದ್ದು ಇವೆರಡರ ನಡುವೆ. ಏನಾಯಿತು ಎಂದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತು. ಗೊತ್ತಿಲ್ಲದವರಿಗೆ ನಾನು ಹೇಳುವುದಿಲ್ಲ. ಅದು ನಮ್ಮಲ್ಲಿಗೆ ಬರುವ ಒಬ್ಬ ಹುಡುಗಿಯ ಮಾತು, ಹೇಳುವುದಿದ್ದರೆ ಅವಳೇ ಹೇಳಲಿ. ಇಲ್ಲಿ ಆಗುವುದಿಲ್ಲ, ಗೋವಾಕ್ಕೆ ಕರೆದುಕೊಂಡು ಹೋಗಿ ಎಂದರು. ಕಾರವಾರದವರಿಗೆ ಇದೇನೂ ಹೊಸದಲ್ಲ. ದೊಡ್ಡ ತೊಂದರೆ ಬಂದರೆ ಗೋವಾ, ಇಲ್ಲವೇ ಮಣಿಪಾಲ, ಇಲ್ಲವೇ ಹುಬ್ಬಳ್ಳಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು 2022ರಲ್ಲಿ ಜಿಲ್ಲೆಯಿಡೀ ಕೂಗಿದ್ದು ನೆನಪಿದೆಯಲ್ಲ, ಆ ಕೂಗಿನ ಅರ್ಥ ನನಗೆ ಪೂರ್ತಿ ತಿಳಿದದ್ದು ಆ ರಾತ್ರಿ ಆಂಬುಲೆನ್ಸಿನ ಹಿಂಬಾಗಿಲಲ್ಲಿ ನಿಂತಾಗ.

ಅವಳ ಅಪ್ಪ ಅಮ್ಮ ಊರಿಗೆ ಹೋಗಿದ್ದರು, ಫೋನು ಹತ್ತುತ್ತಿರಲಿಲ್ಲ. ನಾನು ಯಾರ ಯಾರಿಗೋ ಫೋನು ಹಚ್ಚುತ್ತಿದ್ದೆ. ಕೆಲವರು ಎತ್ತಲಿಲ್ಲ, ಕೆಲವರು "ಬೆಳಿಗ್ಗೆ ನೋಡುವ" ಎಂದರು. ಅಷ್ಟರಲ್ಲಿ ವೈನಿ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ಬಂದು ಆಂಬುಲೆನ್ಸ್ ಹತ್ತಿ ಕೂತಾಗಿತ್ತು. ಏನಾಯಿತು ಎಂದು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಆಸ್ಪತ್ರೆಯ ಕೌಂಟರಿನಲ್ಲಿ ಹುಡುಗಿಗೆ ನೀವು ಏನಾಗಬೇಕು ಎಂದರು. ನಾನು ಸಂಸ್ಥೆ, ಕೇಂದ್ರ, ಸ್ವಯಂಸೇವಕರು ಎಂದು ತಡವರಿಸುತ್ತಿರುವಾಗ ವೈನಿ ಹಿಂದಿನಿಂದ "ಮಾವಶಿ" ಎಂದುಬಿಟ್ಟರು, ಅಂದರೆ ಚಿಕ್ಕಮ್ಮ. ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ತಂಗಿ, ನೀ ಹೋಗಿ ಕಾಗದದ ಕೆಲಸ ನೋಡು. ನಾ ಇಲ್ಲೇ ಕೂರ್ತೆ" ಎಂದರು. ಮಕ್ಕಳ ಕಲ್ಯಾಣ ಸಮಿತಿಗೆ ತಿಳಿಸುವುದು, ಸಹಿ ಹಾಕುವುದು, ಅವಳ ಊರಿನವರನ್ನು ಹುಡುಕಿಸುವುದು, ಇವೆಲ್ಲ ನನ್ನ ಪಾಲಿಗೆ. ಪ್ರತಿ ಸಲ ವಾಪಸು ಬಂದಾಗಲೂ ವೈನಿ ಅದೇ ಸ್ಟೂಲಿನ ಮೇಲೆ, ಹುಡುಗಿಯ ಕೈ ಹಿಡಿದುಕೊಂಡು, ಮೀನಿನ ಕಥೆ ಹೇಳುತ್ತ ಕೂತಿರುತ್ತಿದ್ದರು. ಸಮಾಧಾನದ ಮಾತು ಒಂದೂ ಇಲ್ಲ. ಬಂಗುಡೆಗೆ ಎಷ್ಟು ಮುಳ್ಳು, ನೋಗ್ಲಿಯನ್ನು ಎಳೆ ಮಗುವಿಗೂ ತಿನ್ನಿಸಬಹುದು ಯಾಕೆ, ಹೋದ ವರ್ಷ ಇಸವಾಣದ ರೇಟು ಎಲ್ಲಿಗೆ ಹೋಗಿತ್ತು, ಐಸ್ ಹಾಕಿಟ್ಟ ಮೀನನ್ನು ತಾಜಾ ಎಂದು ಮಾರುವವಳ ಜೊತೆ ಆದ ಜಗಳ. ಅರ್ಧ ಕೊಂಕಣಿ, ಅರ್ಧ ಕನ್ನಡ. ಆ ಹುಡುಗಿಯದ್ದು ಬಯಲುಸೀಮೆಯ ಊರು. ಇಲ್ಲಿಗೆ ಬರುವ ತನಕ ಮೀನನ್ನು ಬಾಯಿಗೆ ಇಟ್ಟವಳಲ್ಲ. ಸಂಜೆಯಿಂದ ಡಾಕ್ಟರು, ನರ್ಸು, ನಾನು, ಎಲ್ಲರೂ ಅವಳಿಂದ ಒಂದು ಮಾತು ಹೊರಡಿಸಲು ನೋಡಿದ್ದೆವು. ಯಾವುದೋ ಹೊತ್ತಿನಲ್ಲಿ ನಾನು ಬಾಗಿಲ ಬಳಿ ಬಂದಾಗ ಅವಳ ದನಿ ಕೇಳಿಸಿತು, ಶೆಟ್ಲಿ ಅಂದರೆ ಸಿಗಡಿಯ ವಿಷಯ:

"ಶೆಟ್ಲಿಗೂ ಮುಳ್ಳ ಇರ್ತಾವೇನ್ರಿ?"

"ಇಲ್ಲ ಮಗಾ. ಅದಕ್ಕೆ ಸಿಪ್ಪೆ" ಎಂದರು ವೈನಿ, ಬಹಳ ದೊಡ್ಡ ವಿಷಯಕ್ಕೆ ಉತ್ತರ ಕೊಡುವವರ ಹಾಗೆ. ನಾನು ಒಳಗೆ ಹೋಗದೆ ಗೋಡೆಗೆ ಒರಗಿ ನಿಂತೆ.

ಅದು ಯಾವ ವಾರ ಎಂದು ಬಂದರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ಎರಡು ತಿಂಗಳು ವೈನಿ ಒಣ ಮೀನು ಮಾರಿ, ಸಾಲ ಮಾಡಿ ದಿನ ದೂಡುತ್ತಾರೆ. ಆಗಸ್ಟಿನ ಮೊದಲ ವಾರ ಶೆಟ್ಲಿ ಬರುತ್ತದೆ, ಸಾಲ ತೀರುವುದು ಆಗ. ಆ ವಾರದ ಹರಾಜಿಗೆ ಒಂದು ದಿನ ಹೋಗದಿದ್ದರೂ ಏನು ಕಳೆದುಕೊಂಡಂತಾಯಿತು ಎಂದು ಅವರ ಜೊತೆ ಮಾರುವ ಹೆಂಗಸೊಬ್ಬರು ನನಗೆ ಲೆಕ್ಕ ಹಾಕಿ ಹೇಳಿದರು, ಅದೂ ಚೌತಿ ಕಳೆದ ಮೇಲೆ. ವೈನಿ ಬಾಯಿ ಬಿಟ್ಟಿರಲಿಲ್ಲ. ಹಣ ಕೊಡಲು ಹೋದ ನನ್ನ ಕತೆ ಏನಾಯಿತು ಎಂಬುದನ್ನು ಇಲ್ಲಿ ಬರೆಯುವುದು ಬೇಡ.

ಗೋವಾದಿಂದ ನಾವು ಮರಳಿದ್ದು ಹಳೇ ಸೇತುವೆಯ ಮೇಲೆಯೇ. ನಲವತ್ತು ವರ್ಷ ದಾಟಿದ ಆ ಸೇತುವೆ ಕೆಲವೇ ದಿನಗಳಲ್ಲಿ ಒಂದು ಲಾರಿ ಸಮೇತ ನದಿಗೆ ಬಿತ್ತು. ಚಾಲಕನನ್ನು ಮೀನುಗಾರರೂ ಪೊಲೀಸರೂ ಸೇರಿ ಜೀವಂತ ಎತ್ತಿ ತಂದರು. ಸುದ್ದಿ ಕೇಳಿ ನನಗೆ ಕೈಕಾಲು ತಣ್ಣಗಾಗಿತ್ತು. ವೈನಿ ಹೇಳಿದ್ದು, "ನಾವು ಹಗೂರ ಇದ್ದಿವಿ ತಂಗಿ, ಅದಕ್ಕೇ ತಡೀತು."

ಅದಾದ ಮೇಲೆ ಅವರು ದಿನಾ ಸಂಜೆ ಮಹಡಿ ಹತ್ತತೊಡಗಿದರು. ಯಾರೂ ಕರೆದದ್ದಲ್ಲ. ಬಾಗಿಲ ಬದಿಗೆ ಕಾಲು ನೀಡಿ ಕೂರುತ್ತಾರೆ, ಎಲೆ ಅಡಿಕೆ ಹಾಕುತ್ತಾರೆ. ಪಾಠ ಹೇಳಿಕೊಡುವುದಿಲ್ಲ, ಓದು ಬರಹ ಅವರಿಗೆ ಬರುವುದೂ ಇಲ್ಲ. ಮೊಬೈಲಿನಲ್ಲಿ ಹೆಸರುಗಳ ಬದಲು ಹುಡುಗರು ಚಿತ್ರ ಹಾಕಿಕೊಟ್ಟಿದ್ದಾರೆ. ನನಗೆ ಕನ್ನಡಕ, ಐಸಿನವನಿಗೆ ಹಿಮದ ಗೊಂಬೆ, ಮಕ್ಕಳ ಸಹಾಯವಾಣಿ 1098ಕ್ಕೆ ಅಳುವ ಪಾಪು. ಹುಡುಗರು ಬಂದು ಅವರ ಪಕ್ಕ ಕೂತು ಏನೋ ಹೇಳುತ್ತಾರೆ, ಅವರು "ಹೂಂ" ಎನ್ನುತ್ತಾರೆ. ಯಾವ ಮನೆಯಲ್ಲಿ ಯಾರು ಕುಡಿದು ಹೊಡೆಯುತ್ತಾರೆ, ಯಾವ ಹುಡುಗಿಗೆ ಊರಲ್ಲಿ ಗಂಡು ನೋಡುತ್ತಿದ್ದಾರೆ ಎಂಬುದು ನನಗಿಂತ ಮೊದಲು ಅವರಿಗೆ ಗೊತ್ತಿರುತ್ತದೆ. ಎರಡು ಮದುವೆ ನಿಂತದ್ದು ಹಾಗೆಯೇ.

ನಮ್ಮಲ್ಲಿಗೆ ಬ್ಯಾನರ್ ತರುವವರು ಬಹಳ. ವ್ಯಕ್ತಿತ್ವ ವಿಕಸನ, ನಾಯಕತ್ವ, ಬೇಸಿಗೆ ಶಿಬಿರ. ಎಷ್ಟು ಫಲಾನುಭವಿಗಳು ಎಂದು ಕೇಳಿ, ಫೋಟೊ ತೆಗೆದು ಹೋಗುತ್ತಾರೆ. ಬರಲಿ, ಬೇಡ ಎನ್ನುವುದಿಲ್ಲ, ಬಿಸ್ಕಿಟ್ ಸಿಗುತ್ತದೆ. ಆದರೆ ಇಷ್ಟು ವರ್ಷ ನೋಡಿ ನನಗೆ ಅನಿಸಿದ್ದು, ಈ ಮಕ್ಕಳಿಗೆ ಹೇಳಿಕೊಡುವವರು ಸಾಕಷ್ಟಿದ್ದಾರೆ. ನಿನ್ನೆ ಕೂತಿದ್ದ ಜಾಗದಲ್ಲೇ ಇವತ್ತೂ ಕೂತಿರುವ ದೊಡ್ಡವರು ಸಿಗುವುದಿಲ್ಲ.

ಆ ಮಳೆಗಾಲ ಕಳೆದ ಮೇಲೆ ನಾನು ಸರಿ ಇರಲಿಲ್ಲ. ಹಳೇ ಕೋಣೆ ಬಿಡಿ ಎಂಬ ಮಾತು ಬಂದದ್ದೂ ಆಗಲೇ. ಮೆಟ್ಟಿಲ ತನಕ ಬಂದು ಹತ್ತಲಾರದೆ ಮನೆಗೆ ಹೋದ ಸಂಜೆಗಳಿವೆ. "ಯಾರ ಮಕ್ಕಳಿಗೋ ನಾನು ಯಾಕೆ ಸಾಯಬೇಕು?" ಎಂದು ಒಂದು ರಾತ್ರಿ ಅಡುಗೆಮನೆಯಲ್ಲಿ ಕೂಗಿದ್ದೆ. ಬಾಯಿಗೆ ಬಂದದ್ದಲ್ಲ ಅದು, ಮನಸ್ಸಿನಲ್ಲಿ ಇದ್ದದ್ದೇ. ಎಷ್ಟು ಮಕ್ಕಳು ಹೇಳದೆ ಹೋಗಿಬಿಟ್ಟಿದ್ದಾರೆ! ಕಾಮಗಾರಿ ಮುಗಿದರೆ ಸಂಸಾರವೇ ಗಂಟು ಕಟ್ಟಿ ರಾತ್ರಿ ಬಸ್ಸು ಹತ್ತುತ್ತದೆ. ಮರುದಿನ ಆ ಮಗುವಿನ ಅರ್ಧ ಬಣ್ಣ ಹಾಕಿದ ಚಿತ್ರ ಡಬ್ಬದಲ್ಲಿ ಇರುತ್ತದೆ, ಏನು ಮಾಡಬೇಕೋ ತಿಳಿಯುವುದಿಲ್ಲ. ಎಸೆಯಲಾಗುವುದಿಲ್ಲ, ಇಟ್ಟುಕೊಂಡು ಮಾಡುವುದೇನು? ಹಾಗೆ ಹೋದವರಲ್ಲಿ ಹೆಚ್ಚಿನವರು ಎಲ್ಲಿದ್ದಾರೆ, ಓದುತ್ತಿದ್ದಾರೋ ಇಲ್ಲವೋ, ನನಗೆ ಗೊತ್ತಿಲ್ಲ. ಹತ್ತು ವರ್ಷದ ಸಾಧನೆಯ ವರದಿ ಕೇಳುವವರಿಗೆ ಈ ಸಾಲನ್ನೂ ಸೇರಿಸಿಯೇ ಕೊಡುತ್ತೇನೆ.

ಆ ತಿಂಗಳುಗಳಲ್ಲಿ ಬಾಗಿಲು ಮುಚ್ಚದಂತೆ ನೋಡಿಕೊಂಡವರು ನಮ್ಮಲ್ಲೇ ಆಡಿ ಬೆಳೆದ ಇಬ್ಬರು ಹುಡುಗಿಯರು ಮತ್ತು ಐಟಿಐ ಓದುವ ಒಬ್ಬ ಹುಡುಗ. ಕೀಲಿಕೈ ವೈನಿಯಿಂದ ಇಸಿದುಕೊಂಡು, ನನಗೆ ಹೇಳದೆ ಕೇಳದೆ ನಡೆಸಿದರು. ಮನೆಯಲ್ಲಿ ನನ್ನ ಕೂಗಾಟ ಕೇಳಿಯೂ ಮರುದಿನ ಸಂಜೆ ಸುಮ್ಮನೆ ಚಹಾ ಮಾಡಿಕೊಟ್ಟು "ಹೊತ್ತಾಯ್ತು, ಹೊರಡು" ಎಂದ ಗಂಡನಿಗೆ ಇಲ್ಲಿ ಒಂದು ವಾಕ್ಯ. ಜಾಸ್ತಿ ಬರೆದರೆ ನಾಚುತ್ತಾರೆ.

ಆ ಹುಡುಗಿ ಚೆನ್ನಾಗಿದ್ದಾಳೆ. ಮೀನು ತಿನ್ನಲು ಕಲಿತಿದ್ದಾಳೆ, ಮುಳ್ಳಿನ ಭಯ ಮಾತ್ರ ಹೋಗಿಲ್ಲ.

ಹೊಸ ಕೋಣೆ ಅದೇ ಓಣಿಯಲ್ಲಿ, ವೈನಿಯ ಮನೆಗೆ ಎದುರು. ಈ ಸಲ ಮಹಡಿ ಇಲ್ಲ, ಅವರ ಮೊಣಕಾಲಿಗೂ ಒಳ್ಳೆಯದೇ ಆಯಿತು. ಏನು ಬೇಕು ಎಂದು ಕೇಳುತ್ತಿದ್ದೀರಿ. ಶಾಲೆ ಚೀಲ ಬೇಡ, ರಾಶಿ ಬಿದ್ದಿವೆ. ಹುಟ್ಟುಹಬ್ಬದ ಕೇಕೂ ಸಾಕು. ಒಂದು ಫ್ಯಾನು ಬೇಕು, ಪುಸ್ತಕಕ್ಕೆ ಗೆದ್ದಲು ಹತ್ತದ ಕಬ್ಬಿಣದ ರ‍್ಯಾಕು ಬೇಕು, ಎಸ್ಸೆಸ್ಸೆಲ್ಸಿಯವರಿಗೆ ವಾರಕ್ಕೆ ಎರಡು ಸಂಜೆ ಗಣಿತ ಹೇಳುವವರು ಬೇಕು. ಬರುತ್ತೇನೆ ಎಂದರೆ ವರ್ಷವಿಡೀ ಬರಬೇಕು. ವೈನಿ ಐದರ ಮೇಲೆ ಇರುತ್ತಾರೆ. ಹೊಗಳಲು ಬರಬೇಡಿ, ಬೈಸಿಕೊಳ್ಳುತ್ತೀರಿ. ವ್ಯಾಪಾರಕ್ಕೆ ಬನ್ನಿ. ಆಗಸ್ಟ್ ತನಕ ಒಣ ಮೀನೇ, ಚೌಕಾಸಿ ನಡೆಯುವುದಿಲ್ಲ.